ಕೇಳಬೇಕಾದ್ದು ಕೇಳದ ಗಿರಾಕಿ

ಅಣ್ಣಾಮಲೈ ಗಾಡಿ ಹತ್ತಿ ಕೂತ. ಕೂತ ಮೇಲೆ ಅವನ ಕಾಲುಗಳು ನೆಲ ಹುಡುಕತೊಡಗಿದವು. ಬಲಗಾಲಿಗೆ ಸಿಕ್ಕರೆ ಎಡಗಾಲಿಗಿಲ್ಲ, ಎಡಗಾಲಿಗೆ ಸಿಕ್ಕರೆ ಬಲಗಾಲಿಗಿಲ್ಲ.

"ಎತ್ರ ಸರಿಯಾಗೈತೆ," ಅಂದ.

ಮಲ್ಲಪ್ಪನ ಮುಖ ಬದಲಾಗಲಿಲ್ಲ. ಗಿರಾಕಿಯ ಸುಳ್ಳಿಗೆ ಮುಖ ಬದಲಾಗಬಾರದು ಅನ್ನುವುದು ಹಳೇ ಬೈಕು ಮಾರಿಸುವ ಬ್ರೋಕರ್‌ಗಳ ಮೊದಲ ಪಾಠ. ಎರಡನೇ ಪಾಠ, ತನ್ನ ಸುಳ್ಳಿಗೂ ಬದಲಾಗಬಾರದು. ನಲ್ಲಂಪಳ್ಳಿಯ ಮಲ್ಲಪ್ಪ ಎರಡರಲ್ಲೂ ಪಾಸಾಗಿ ಬಹಳ ಕಾಲವಾಗಿತ್ತು.

ಗಾಡಿ ಮಾತ್ರ ಚೆನ್ನಾಗಿತ್ತು. ನಾನೂರು ಸಿಸಿಯ ಟೂರಿಂಗ್ ಗಾಡಿ. ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ಎರಡು ಕಡೆ ಪೆಟ್ಟಿಗೆ, ಲಡಾಖಿಗೆ ಹೋಗಿಬಂದ ಸ್ಟಿಕ್ಕರ್ರು. ಹಸಿರು ಬಣ್ಣದ ಟ್ಯಾಂಕಿನಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದು.

ಎಡಪ್ಪಾಡಿಯ ಆ ಬೀದಿಯಲ್ಲಿ ಮನೆಮನೆಯಲ್ಲೂ ಮಗ್ಗ ಆಡುತ್ತಿತ್ತು. ಗಾಡಿ ನಿಂತಿದ್ದ ಮನೆಯ ಮಗ್ಗ ಒಂದೇ ಸುಮ್ಮನಿತ್ತು. ಅದು ಸಾವಿನ ಮನೆ.

ಸತ್ತವನು ಗಾಡಿಯ ಸವಾರ ಸರವಣನ್. ತೊಪ್ಪೂರು ಘಾಟಿಯ ಅಂಚಿನಲ್ಲಿ ಗಾಡಿ ಒಂದು ಗೀರೂ ಇಲ್ಲದೆ ಸ್ಟ್ಯಾಂಡ್ ಹಾಕಿ ನಿಂತಿತ್ತು. ಕೆಳಗೆ ಹಳ್ಳದಲ್ಲಿ ಅವನ ಹೆಲ್ಮೆಟ್ಟು, ಅವನ ಜಾಕೆಟ್ಟು, ಜಾಕೆಟ್ಟಿನೊಳಗೆ ಮುಖ ಗುರುತು ಸಿಗದ ಹೆಣ. ಹೆಂಡತಿ ಇಂದುಜಾ ಶವಾಗಾರದಲ್ಲಿ ನೋಡಿ, ಹೌದು ಅವರೇ ಎಂದಳು. ಸುಟ್ಟು ಬಂದರು. ಬರುವ ಶುಕ್ರವಾರ ಹದಿನಾರನೇ ದಿನದ ಕಾರ್ಯ. ಅವತ್ತು ಅವಳ ತಾಳಿ ತೆಗೆಸುತ್ತಾರೆ.

ಅದೇ ಇಂದುಜಾ ಆಮೇಲೆ ಮಲ್ಲಪ್ಪನನ್ನು ಕರೆಸಿ ಗುಟ್ಟಾಗಿ ಬೇರೆ ಮಾತು ಹೇಳಿದ್ದಳು. ಬಟ್ಟೆ ನೋಡಿ ಹೌದು ಅಂದುಬಿಟ್ಟೆ, ಈಗ ಮನಸ್ಸು ಒಪ್ಪುತ್ತಿಲ್ಲ, ಅವರು ಬದುಕಿದ್ದಾರೋ ಇಲ್ಲವೋ ಶುಕ್ರವಾರದೊಳಗೆ ನನಗೆ ಗೊತ್ತಾಗಬೇಕು ಎಂದು. ಕಳುವಾದ ಬೈಕು ಹುಡುಕಿಕೊಡುವುದು ಮಲ್ಲಪ್ಪನ ಉಪಕಸುಬು. ಬೈಕು ಹುಡುಕುವವನಿಗೆ ಗಂಡ ಯಾವ ಲೆಕ್ಕ ಅಂದುಕೊಂಡಳೋ ಏನೋ. ಬೈಕಿಗಾದರೆ ಚಾಸಿ ನಂಬರ್ ಇರುತ್ತದೆ, ಗಂಡಂದಿರಿಗಿರುವುದಿಲ್ಲ, ಅದೊಂದೇ ಕಷ್ಟ ಎಂದು ಮಲ್ಲಪ್ಪ ಒಪ್ಪಿಕೊಂಡಿದ್ದ.

ಗಾಡಿಯನ್ನು ಮಾರಾಟಕ್ಕಿಡುವ ಉಪಾಯ ಅವಳದೇ. ಗಾಡಿ ಅವಳ ಹೆಸರಲ್ಲೇ ಇತ್ತು. ಅತ್ತೆ ಚೆಲ್ಲಮ್ಮನೂ ಬೇಡವೆನ್ನಲಿಲ್ಲ. ಮಗನನ್ನು ತಿಂದ ಗಾಡಿ ಶುಕ್ರವಾರಕ್ಕೆ ಮುಂಚೆ ಬಾಗಿಲಿಂದಾಚೆ ಹೋಗಲಿ ಎಂದು ಆಕೆಯೂ ಕಾಯುತ್ತಿದ್ದಳು. ಫೋಟೋ ಫೋನಿಗೆ ಏರಿತು. ಗಿರಾಕಿಗಳು ಬಂದರು.

ಬಂದವರು ಬಂದ ಹಾಗೆ ಹೋದರು.

ಯಾಕೆಂದರೆ ಸೇಲಂ, ಧರ್ಮಪುರಿ ಕಡೆ ಹಳೇ ಗಾಡಿ ಕೊಳ್ಳುವವರು ಮೊದಲು ಕೇಳುವುದು ಮೈಲೇಜಲ್ಲ. "ಗಾಡಿ ಕಾವು ತಗಂಡೈತಾ?" ಎಂದು. ಕಾವು ಅಂದರೆ ಬಲಿ. ಒಂದು ಜೀವದ ರುಚಿ ಕಂಡ ಗಾಡಿ ಎರಡನೆಯದಕ್ಕೆ ಬಾಯಿ ಬಿಡುತ್ತದೆ ಎಂಬುದು ನಂಬಿಕೆ. ಎಂಜಿನ್ ಹೊಗೆಯಾಡಲಿ, ಚೈನು ಜೋತಾಡಲಿ, ಅದೆಲ್ಲ ಆಮೇಲೆ. ಮಾರುವವನು ಕರ್ಪೂರ ಹಚ್ಚಿ, ಅದರ ಮೇಲೆ ಕೈಯಿಟ್ಟು, ಕಾವು ತಗೊಂಡಿಲ್ಲ ಅನ್ನಬೇಕು. ಮಲ್ಲಪ್ಪನ ಅಂಗಿ ಜೇಬಿನಲ್ಲಿ ಪೆನ್ನಿಲ್ಲದ ದಿನ ಇರಬಹುದು, ಕರ್ಪೂರದ ಡಬ್ಬಿ ಇಲ್ಲದ ದಿನ ಇಲ್ಲ.

ಸೇಲಂನ ಕಾಲೇಜಿನಿಂದ ಭೌತಶಾಸ್ತ್ರದ ಮೇಷ್ಟ್ರು ಬಂದಿದ್ದರು. ಇದನ್ನೆಲ್ಲ ನಾನು ನಂಬುವವನಲ್ಲ, ಹೆಂಡತಿ ಕೇಳಲು ಹೇಳಿದ್ದಾಳೆ ಎಂದು ಪೀಠಿಕೆ ಹಾಕಿ ಕೇಳಿದರು. ಮಲ್ಲಪ್ಪ ಇದ್ದದ್ದು ಇದ್ದಂತೆ ಹೇಳಿದ. ಮೇಷ್ಟ್ರು ಬೀದಿಯ ಕೊನೆ ಮುಟ್ಟಿದ ವೇಗಕ್ಕೆ ಅವರ ಪುಸ್ತಕದಲ್ಲೇ ಒಂದು ಸೂತ್ರ ಇರಬೇಕು.

ಸಂಗಗಿರಿಯ ಲಾರಿ ಮಾಲೀಕನೊಬ್ಬ ಗಾಡಿ ನೋಡಿದ ಕೂಡಲೇ ಮನಸೋತು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೂಬಿಟ್ಟ. ಇಟ್ಟ ಮೇಲೆ ಕೇಳಿದ. ಉತ್ತರ ಕೇಳಿ, ಬಗ್ಗಿ ನಿಂಬೆಹಣ್ಣನ್ನು ವಾಪಸು ಜೇಬಿಗೆ ಹಾಕಿಕೊಂಡು ಹೋದ.

ಇವರೆಲ್ಲ ಸಾಮಾನ್ಯ ಹೆದರುಪುಕ್ಕಲರು. ಅಣ್ಣಾಮಲೈ ಹಾಗಲ್ಲ. ಕಂಬೈನಲ್ಲೂರಿನ ಅಣ್ಣಾಮಲೈ ಹೆದರಿಕೆಯಲ್ಲಿ ಜಿಲ್ಲೆಗೇ ಮೊದಲಿಗ. ಅವನ ಮಾವಿನ ತೋಟದಲ್ಲಿ ಬೋರ್‌ವೆಲ್ಲಿನ ಮೋಟಾರಿಗೂ ನಿಂಬೆ-ಮೆಣಸಿನಕಾಯಿ ತೂಗುತ್ತದೆ. ಮಗಳಿಗೆ ಲ್ಯಾಪ್‌ಟಾಪ್ ಬಂದಾಗ ಅದನ್ನೂ ನಿಂಬೆಹಣ್ಣಿನ ಮೇಲೆ ಹತ್ತಿಸಬೇಕೆಂದು ಹಟ ಹಿಡಿದನಂತೆ. ಚಕ್ರವಿಲ್ಲದ್ದರಿಂದ ಮಗಳು ಕೈಯಲ್ಲೇ ಹಿಡಿದು ಎಳೆದಳಂತೆ. ಇದನ್ನು ಹೇಳುವವರು ಕಣ್ಣಾರೆ ಕಂಡವರಲ್ಲ. ಆದರೆ ಅವನನ್ನು ಬಲ್ಲವರ್ಯಾರೂ ಅದನ್ನು ಸುಳ್ಳೆಂದಿಲ್ಲ.

ಹಿಂದೊಮ್ಮೆ ಮಲ್ಲಪ್ಪನಿಂದಲೇ ಒಂದು ಮೊಪೆಡ್ ಕೊಂಡಿದ್ದ. ಕೊಳ್ಳುವ ಮುಂಚೆ ಮಾಲೀಕನ ಆರೋಗ್ಯ ಕೇಳಿದ, ಮಾಲೀಕನ ಅಪ್ಪನ ಆರೋಗ್ಯ ಕೇಳಿದ, ತಾತ ಸತ್ತದ್ದು ಹಾಸಿಗೆಯಲ್ಲೋ ರಸ್ತೆಯಲ್ಲೋ ಎಂದೂ ಕೇಳಿದ. ಎಲ್ಲ ಸರಿಯಾಗಿದ್ದರೂ ಮಾರನೇ ದಿನ ಮೊಪೆಡ್ ವಾಪಸು ತಂದ. ದಾರಿಯಲ್ಲಿ ಉಡ ಅಡ್ಡ ಬಂದಿತ್ತು.

ಅಂಥ ಅಣ್ಣಾಮಲೈ ಈಗ ಸತ್ತವನ ಅಂಗಳದಲ್ಲಿ, ಸತ್ತವನ ಗಾಡಿಯ ಮೇಲೆ ಕೂತು ಕೇಳಿದ್ದು ಒಂದೇ ಪ್ರಶ್ನೆ. "ಇವತ್ತೇ ತಕ್ಕಂಡ್ ಓಗ್ಬೌದಾ?"

ಮಲ್ಲಪ್ಪ ಅವನಿಗೆ ಅವಕಾಶ ಕೊಟ್ಟು ನೋಡಿದ. ಇದು ತೊಪ್ಪೂರು ಘಾಟಿಯಲ್ಲಿ ಸಿಕ್ಕಿದ ಗಾಡಿ ಎಂದ. ಅಣ್ಣಾಮಲೈ ಕನ್ನಡಿ ತಿರುಗಿಸುತ್ತಿದ್ದ. ಚೆಲ್ಲಮ್ಮ ಬಾಗಿಲಿಗೆ ಬಂದು, ನನ್ನ ಮಗನನ್ನು ನುಂಗಿದ ಪಿಶಾಚಿ ಎಂದು ಗಾಡಿಯನ್ನು ನೋಡಿ ಎದೆ ಬಡಿದುಕೊಂಡಳು. ಅಣ್ಣಾಮಲೈ ಅವಳತ್ತ ತಿರುಗಿ, ಲೀಟರಿಗೆ ಎಷ್ಟು ಕೊಡ್ತದೆ ಅಮ್ಮಾ ಎಂದು ಕೇಳಿದ.

ಇಂದುಜಾ ಒಳಗಿನಿಂದ ಕಾಫಿ ತಂದಳು. ಬಿಳಿಚಿದ ಮುಖ, ಎಣ್ಣೆ ಕಾಣದ ಕೂದಲು. ಸೂತಕದ ಮನೆಯಲ್ಲಿ ಹದಿನಾರು ಕಳೆಯುವವರೆಗೆ ಹೊರಗಿನವರು ನೀರೂ ಮುಟ್ಟುವುದಿಲ್ಲ. ಮಲ್ಲಪ್ಪನೇ ಇಲ್ಲಿಗೆ ಬಂದಾಗಲೆಲ್ಲ ಬೀದಿ ಕೊನೆಯ ಟೀ ಅಂಗಡಿಗೆ ಹೋಗುತ್ತಿದ್ದ. ಇದು ಗೊತ್ತಿಲ್ಲದವಳೇನಲ್ಲ ಇಂದುಜಾ. ಆದರೂ ಲೋಟ ನೀಡಿದಳು.

ಅಣ್ಣಾಮಲೈ ಕುಡಿದ. ಲೋಟ ಎತ್ತಿ, ತಳದಲ್ಲಿದ್ದ ಸಕ್ಕರೆಯನ್ನೂ ಬಿಡದೆ ಕುಡಿದ.

ಲೋಟ ಖಾಲಿಯಾಗುವವರೆಗೂ ಇಂದುಜಾ ಅವನನ್ನೇ ನೋಡುತ್ತಿದ್ದಳು. ಆಮೇಲೆ ಮಲ್ಲಪ್ಪನನ್ನು ನೋಡಿದಳು. ಲೋಟ ತೆಗೆದುಕೊಂಡು ಒಳಗೆ ಹೋದಳು.

"ಓಡ್ಸಿ ನೋಡಾಣ ಬಾ," ಅಂದ ಮಲ್ಲಪ್ಪ. "ನಾನು ಇಂದೆ ಕೂತ್ಕತೀನಿ."

ಪೂಲಾಂಪಟ್ಟಿಯ ದಾರಿ ಹಿಡಿದರು. ಗಾಡಿ ರಸ್ತೆಗೆ ಬಿದ್ದದ್ದೇ ಬೆಣ್ಣೆಯ ಹಾಗೆ ಜಾರಿತು. ನಿಲ್ಲಿಸಬೇಕಾದ ಕಡೆಯಲ್ಲೆಲ್ಲ ಮಾತ್ರ ಅಣ್ಣಾಮಲೈ ಒಂದು ಪಕ್ಕಕ್ಕೆ ವಾಲುತ್ತಿದ್ದ, ಮಲ್ಲಪ್ಪ ತನ್ನ ಕಾಲು ಕೊಟ್ಟು ಎತ್ತಿ ನಿಲ್ಲಿಸುತ್ತಿದ್ದ. ಕುರಿ ಹಿಂಡು ಅಡ್ಡ ಬಂದಲ್ಲಿ ಇಬ್ಬರೂ ಗಾಡಿಯೂ ಸೇರಿ ಕುರಿಗಳ ಮೇಲೆ ಬೀಳುವುದೊಂದು ಬಾಕಿ. ಇವನು ತನಗಾಗಿ ಕೊಳ್ಳುತ್ತಿರುವ ಗಾಡಿಯಲ್ಲ ಇದು ಎಂದು ಕುರಿಗಳಿಗೂ ಗೊತ್ತಾಗಿರಬೇಕು.

ಕಾವೇರಿಯ ದಡದಲ್ಲಿ, ದೋಣಿ ಕಟ್ಟುವ ಕಡೆಯಿಂದ ಸ್ವಲ್ಪ ಮೇಲೆ, ಹುಣಸೆಮರದ ಕೆಳಗೆ ನಿಲ್ಲಿಸಿದರು. ಮಲ್ಲಪ್ಪ ಇಳಿದು ಕೈ ಚಾಚಿ ಕೀ ತೆಗೆದು ಜೇಬಿಗೆ ಹಾಕಿಕೊಂಡ.

"ಅಣ್ಣಾಮಲೆ, ನೀನು ಕಾವು ಕೇಳ್ಳೇ ಇಲ್ವಲ್ಲ."

ಅಣ್ಣಾಮಲೈ ಹೊಳೆ ನೋಡಿದ. "ಮರ್ತೋಯ್ತಣ್ಣ."

"ಈಗ ಕೇಳು."

"ಇಷ್ಟ್ ದೂರ ಓಡ್ಸ್ಕಂಡ್ ಬಂದಾಯ್ತು, ಇನ್ನೇನ್ ಕೇಳಾದು ಬಿಡು."

"ಸೂತ್ಕದ್ ಮನೇಲಿ ಕಾಪಿ ಕುಡ್ದೆ."

"ಬಾಯಾರ್ಕೆ ಆಗಿತ್ತು."

"ನಿಮ್ ಚಿಕ್ಕಪ್ಪ ಸತ್ತಾಗ ನೀನು ಮನೆಯಿಂದ ನೀರ್ ತಕ್ಕಂಡೋಗಿದ್ದೆ, ಬಾಟ್ಲೀಲಿ. ಅದ್ರ ಮುಚ್ಳಕ್ಕೂ ವಿಭೂತಿ ಅಚ್ಚಿದ್ದೆ. ನಾನೇ ನೋಡಿವ್ನಿ."

"ಎನ್ನಣ್ಣಾ ನೀ, ಸುಮ್ಮಾ ಸುಮ್ಮಾ," ಎಂದು ಅಣ್ಣಾಮಲೈ ತಮಿಳಿಗೆ ಹಾರಿದ. ಈ ಕಡೆಯ ಕನ್ನಡದವರು ಸಿಕ್ಕಿಬಿದ್ದಾಗ ತಮಿಳಿಗೆ ಹಾರುತ್ತಾರೆ. ತಮಿಳರು ಸಿಕ್ಕಿಬಿದ್ದಾಗ ಇಂಗ್ಲಿಷಿಗೆ ಹಾರುತ್ತಾರೆ. ಇಂಗ್ಲಿಷಿನವರು ಎಲ್ಲಿಗೆ ಹಾರುತ್ತಾರೋ ಮಲ್ಲಪ್ಪನಿಗೆ ಗೊತ್ತಿರಲಿಲ್ಲ, ಅವನ ಕಸುಬಿನಲ್ಲಿ ಅಂಥವರು ಸಿಕ್ಕಿರಲಿಲ್ಲ.

ಮಲ್ಲಪ್ಪ ವಾದ ಮಾಡಲಿಲ್ಲ. ಚಪ್ಪಟೆ ಕಲ್ಲೊಂದನ್ನು ಕಾಲಿನಿಂದ ಒರೆಸಿ, ಜೇಬಿನಿಂದ ಡಬ್ಬಿ ತೆಗೆದು, ಒಂದು ಕರ್ಪೂರ ಇಟ್ಟು ಹಚ್ಚಿದ. ಗಾಳಿಗೆ ಜ್ವಾಲೆ ಮಲಗಿ ಎದ್ದಿತು.

"ಕೈ ಇಡು. ಸರವಣನ್ ಸತ್ತವ್ನೆ ಅಂತ ಒಂದ್ ಮಾತ್ ಏಳು. ಅಷ್ಟೇಯ. ಕೀ ಕೊಡ್ತೀನಿ, ಗಾಡಿ ತಕ್ಕಂಡ್ ನೀನ್ ಓಗು, ನಾನ್ ಬಸ್ಸಲ್ಲಿ ಬತ್ತೀನಿ."

ಅಣ್ಣಾಮಲೈ ಕೈ ಎತ್ತಿದ. ಕೈ ಜ್ವಾಲೆಯ ಮೇಲೆ ಬರುವ ಮುಂಚೆ ನಿಂತಿತು. ಬೆರಳುಗಳು ಬಿಚ್ಚಿಕೊಂಡೇ ಇದ್ದವು. ಹೊಳೆಯಲ್ಲಿ ಯಾರೋ ದೋಣಿಯವನು ಗಿರಾಕಿ ಕೂಗುತ್ತಿದ್ದ.

ಕರ್ಪೂರ ಉರಿದು ಮುಗಿಯಿತು. ಕೈ ಇನ್ನೂ ಗಾಳಿಯಲ್ಲೇ ಇತ್ತು.

"ಇನ್ನೊಂದ್ ಅಚ್ಲಾ?" ಅಂದ ಮಲ್ಲಪ್ಪ. "ಡಬ್ಬಿ ತುಂಬ ಐತೆ."

ಅಣ್ಣಾಮಲೈ ಹುಣಸೆಯ ಬೇರಿನ ಮೇಲೆ ಕೂತ. ಟವೆಲ್ಲಿನಿಂದ ಕತ್ತು ಒರೆಸಿಕೊಂಡ.

"ಬದುಕವ್ನೆ," ಅಂದ.

ಆಮೇಲಿನದು ಮಲ್ಲಪ್ಪ ಕೇಳದೆಯೇ ಬಂತು. ಹೆಣ ಸುಟ್ಟ ಮಾರನೇ ದಿನ ಸರವಣನ್ ಕಂಬೈನಲ್ಲೂರಿನ ತೋಟಕ್ಕೆ ನಡೆದೇ ಬಂದಿದ್ದ. ಮೊಣಕೈ ತರಚಿತ್ತು, ಗಡ್ಡ ಬಂದಿತ್ತು. ಮೊದಲಾದರೆ ಗಾಡಿಯಲ್ಲಿ ಸುತ್ತಾಡುವಾಗಲೆಲ್ಲ ತೋಟದಲ್ಲಿ ಇಳಿದು ಮಾವು ತಿಂದು ಹೋಗುತ್ತಿದ್ದ, ಆ ಸ್ನೇಹ. ಅಣ್ಣಾಮಲೈ ಅವನನ್ನು ಕಂಡವನೇ ದೆವ್ವವೆಂದು ಪಂಪ್‌ಶೆಡ್ಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಸರವಣನ್ ಹೊರಗೆ ಕೂತು ಮನೆಯವರು ಬಡಿಸಿದ ಊಟವನ್ನು ಹೊಟ್ಟೆ ತುಂಬ ಉಂಡದ್ದನ್ನು ಬಾಗಿಲ ಸಂದಿಯಿಂದ ನೋಡಿದ ಮೇಲೆ, ದೆವ್ವ ಸಾರು ಎರಡನೇ ಸಲ ಕೇಳುವುದಿಲ್ಲ ಎಂದು ಯೋಚಿಸಿ ಹೊರಗೆ ಬಂದ. ಹದಿನಾರು ಕಳೆಯುವವರೆಗೆ ಜಾಗ ಕೊಡು, ಬಾಯಿ ಬಿಡಬೇಡ ಎಂದು ಸರವಣನ್ ಕೈ ಹಿಡಿದುಕೊಂಡನಂತೆ.

ಎಲ್ಲ ಸರಿಯಾಗಿಯೇ ಇತ್ತು, ಫೋನಿನಲ್ಲಿ ಗಾಡಿಯ ಫೋಟೋ ಬರುವವರೆಗೆ.

"ಅವ್ವನ್ ನೆನಸ್ಕಂಡ್ ಅಳ್ಲಿಲ್ಲ, ಎಂಡ್ತಿ ನೆನಸ್ಕಂಡ್ ಅಳ್ಲಿಲ್ಲ. ಗಾಡಿ ಮಾರ್ತಾವ್ರೆ ಅಂತ ಅತ್ತ ಅಣ್ಣಾ. ಊಟ ಬಿಟ್ಬಿಟ್ಟ. ಬ್ಯಾರೆಯೋರ್ ಕೈಗೆ ಓಗ್ಬಾರ್ದು, ನೀನೇ ತಕ್ಕ ಅಂದ."

ಮಲ್ಲಪ್ಪನಿಗೆ ಇದು ವಿಚಿತ್ರವೆನಿಸಲಿಲ್ಲ. ಬೈಕು ಕೊಟ್ಟು ಅತ್ತವರನ್ನು ಅವನು ಬೇಕಾದಷ್ಟು ಕಂಡಿದ್ದ. ಹೆಂಡತಿಯನ್ನು ತವರಿಗೆ ಕಳಿಸಿ ಅತ್ತವರನ್ನು ಕಂಡದ್ದು ಕಡಿಮೆ.

"ಬದುಕಿರೋನು ಸತ್ತಂಗೆ ಯಾಕ್ ಕೂತವ್ನೆ?"

ಅಣ್ಣಾಮಲೈ ಹೊಳೆಯ ಆಚೆ ದಡವನ್ನೂ ಒಮ್ಮೆ ನೋಡಿಕೊಂಡ, ಅಲ್ಲಿಗೂ ಕೇಳಿಸಬಾರದು ಅನ್ನುವ ಹಾಗೆ.

"ಎಂಡ್ತಿಗ್ ಎದ್ರಿ."

"ಎಲ್ರೂ ಎದರ್ತಾರೆ. ಅದ್ಕೆ ಸಾಯ್ಬೇಕಾ?"

"ತಮಾಸೆ ಅಲ್ಲಣ್ಣ. ಘಾಟೀಲಿ ಅವ್ನ ತಳ್ಳಕ್ಕೆ ಆಳು ಬಿಟ್ಟಿದ್ಲಂತೆ. ತಳ್ಳಕ್ ಬಂದೋನು ತಾನೇ ಬಿದ್ದು ಸತ್ತೋದ. ಬದುಕಿವ್ನಿ ಅಂತ ಗೊತ್ತಾದ್ರೆ ಇನ್ನೊಬ್ಬನ್ನ ಬಿಡ್ತಾಳೆ ಅಂತಾನೆ."

"ಯಾರು ಆ ಆಳು?"

"ಸಾಮಿ ಸತ್ಯವಾಗ್ಲೂ ಗೊತ್ತಿಲ್ಲ."

ಈ ಸಲ ಮಲ್ಲಪ್ಪ ಡಬ್ಬಿ ತೆಗೆಯಲಿಲ್ಲ. ಸುಮ್ಮನೆ ಒಂದು ಮಾತು ಕೇಳಿದ. ತಳ್ಳಲು ಬಂದವನ ಮೈಮೇಲೆ ಸರವಣನ ಜಾಕೆಟ್ಟು ಹೇಗೆ ಬಂತು? ತಲೆಗೆ ಸರವಣನ ಹೆಲ್ಮೆಟ್ಟು ಯಾರು ಹಾಕಿದರು? ಕೊಲ್ಲಲು ಬಂದವನಿಗೆ ಚಳಿಯಾಯಿತು ಎಂದು ಕೊಟ್ಟನೇ?

ಅಣ್ಣಾಮಲೈ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. "ಅದ್ ನಾನ್ ಕೇಳ್ಲಿಲ್ಲ," ಅಂದ.

"ಕೇಳ್ಬೇಕಾದ್ದನ್ನ ಬಿಟ್ಟು ಮಿಕ್ಕಿದ್ದೆಲ್ಲ ಕೇಳ್ತೀಯ ನೀನು. ಈಗ ಗಾಡಿ ಅತ್ತಿ ಕೂರು."

ವಾಪಸು ಬರುವಾಗ ಮಲ್ಲಪ್ಪನೇ ಓಡಿಸಿದ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದೇ ತೂಗಾಟ. ಇಂದುಜಾ ಕೇಳಿದ್ದು ಒಂದೇ ಮಾತು, ಬದುಕಿದ್ದಾರೋ ಇಲ್ಲವೋ. ಉತ್ತರ ಸಿಕ್ಕಿತು. ಹೇಳಿದರೆ ತಾಳಿ ಉಳಿಯುತ್ತದೆ. ಆದರೆ ಅಣ್ಣಾಮಲೈ ಹೇಳಿದ್ದು ನಿಜವಾಗಿದ್ದರೆ ಸರವಣನ್ ಉಳಿಯುವುದಿಲ್ಲ. ಹಾಗೆಂದು ಹೇಳದಿದ್ದರೆ, ಗಂಡ ಮಾವಿನ ತೋಟದಲ್ಲಿ ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಿರುವಾಗ ಇಲ್ಲಿ ಇವಳ ಬಳೆ ಒಡೆಯುತ್ತಾರೆ.

ಬದುಕಿದ್ದಾನೆ ಎಂದು ಹೇಳುವುದು, ಎಲ್ಲಿ ಎಂದು ಮಾತ್ರ ಹೇಳಬಾರದು ಎಂದು ತೀರ್ಮಾನಿಸಿದ. ಬ್ರೋಕರನ ತೀರ್ಮಾನ. ಗಾಡಿ ತೋರಿಸಬೇಕು, ಪೇಪರ್ ಕೈಗೆ ಕೊಡಬಾರದು.

ಅಣ್ಣಾಮಲೈಯನ್ನು ಬೀದಿಯ ಕೊನೆಯ ಟೀ ಅಂಗಡಿಯಲ್ಲಿ ಕೂರಿಸಿ, ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದ. ಇಂದುಜಾ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು, ಇವರು ಹೋದಾಗಿನಿಂದ ಅಲ್ಲೇ ನಿಂತಿದ್ದವಳ ಹಾಗೆ. ಚೆಲ್ಲಮ್ಮ ಒಳಗೆ ಯಾರಿಗೋ ಫೋನಿನಲ್ಲಿ ಶುಕ್ರವಾರದ ಅಡುಗೆಯ ಸಂಗತಿ ಹೇಳುತ್ತಿದ್ದಳು.

"ಅಮ್ಮಣಿ," ಎಂದು ಮಲ್ಲಪ್ಪ ದನಿ ತಗ್ಗಿಸಿದ. "ಬದುಕವ್ರೆ."

ಅವಳು ಅಳುತ್ತಾಳೆ ಅಂದುಕೊಂಡಿದ್ದ. ಕುಸಿದರೆ ಹಿಡಿಯಬೇಕಾಗುತ್ತದೆಂದು ಒಂದು ಕಾಲು ಮುಂದಿಟ್ಟೂ ಇದ್ದ. ಇಂದುಜಾ ಕುಸಿಯಲಿಲ್ಲ. ಮಗ್ಗದಲ್ಲಿ ಎಳೆ ಕಡಿದ ಜಾಗ ಸಿಕ್ಕಿದಾಗ ನೇಕಾರರು ಒಂದು ಸಲ ಉಸಿರು ಬಿಡುತ್ತಾರೆ, ಅಷ್ಟೇ ಉಸಿರು ಬಿಟ್ಟಳು.

"ಕಂಬೈನಲ್ಲೂರ್ ತೋಟದಲ್ಲಾ?"

ಮಲ್ಲಪ್ಪನ ಮುಖ, ಎಷ್ಟೋ ಕಾಲದ ಮೇಲೆ, ತಾನಾಗಿಯೇ ಬದಲಾಯಿತು. ಅವಳಿಗೆ ಅಷ್ಟು ಸಾಕಾಯಿತು. ಪ್ರತಿ ವರ್ಷ ಅಲ್ಲಿಂದ ಮಾವಿನಹಣ್ಣು ಬರುತ್ತಿತ್ತು, ಅಣ್ಣಾಮಲೈಯನ್ನು ನೋಡಿದಾಗಲೇ ಅಂದುಕೊಂಡೆ ಎಂದಳು. ಆಮೇಲೆ ಒಳಗೆ ತಿರುಗಿ, ಸ್ವಲ್ಪ ಗಟ್ಟಿಯಾಗಿ, "ಅತ್ತೆ, ಅಡ್ಗೆಯೋರ್ಗೆ ಬರಕ್ ಏಳಿ. ಶುಕ್ರವಾರದ್ದು ಆಗೇ ಆಗ್ತದೆ," ಅಂದಳು.

ಮಲ್ಲಪ್ಪ ತನ್ನ ಮಾತು ಅವಳ ಕಿವಿಗೆ ಬಿದ್ದಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದ.

"ಬದುಕವ್ರೆ ಅಂತಿವ್ನಿ ಅಮ್ಮಣಿ. ಬದುಕಿರೋರ್ಗೆ ಯಾರಾದ್ರೂ ಹದಿನಾರು ಮಾಡ್ತಾರಾ?"

"ಅವ್ರಿಗಲ್ಲ. ಪ್ರಭಾಕರಂಗೆ."

ಪ್ರಭಾಕರ್ ಅವಳ ತಮ್ಮ. ಲಾರಿ ಓಡಿಸುವವನು. ಭಾವನ ಸಾವಿಗೂ ಬರಲಿಲ್ಲ, ಗುಜರಾತ್ ಲೋಡಿನಲ್ಲಿದ್ದಾನೆ, ಫೋನ್ ಸಿಗುತ್ತಿಲ್ಲ ಎಂದು ಊರೆಲ್ಲ ಮಾತಾಡಿಕೊಂಡಿತ್ತು. ಆ ಮಾತನ್ನು ಊರಿಗೆ ಹೇಳಿದವಳು ಇಂದುಜಾಳೇ.

"ಮುಕ ಇರ್ಲಿಲ್ಲ ಅಣ್ಣಾ," ಅಂದಳು. ದನಿ ಏರಲಿಲ್ಲ, ಇಳಿಯಲಿಲ್ಲ. "ಕೈ ಇತ್ತು. ಚಿಕ್ಕೋನಿದ್ದಾಗ ನಾನೇ ಪಕ್ಕ ಕೂರ್ಸ್ಕಂಡು ನೇಯಕ್ಕೆ ಕಲ್ಸಿದ್ ಕೈ. ಅದ್ನ ನೋಡಿ ಗೊತ್ತಾಗಾಕಿಲ್ವಾ? ಗೊತ್ತಾಯ್ತು. ಗೊತ್ತಾದ್ ಮ್ಯಾಲೆ ನನ್ ಗಂಡ ಅಂತ ಏಳ್ದೆ."

"ಯಾಕೆ?"

"ಅಲ್ಲ ಅಂದಿದ್ರೆ ಅವ್ರು ಓಡೋಗ್ತಿದ್ರು. ಸತ್ತೋರು ಓಡಲ್ಲ. ಒಂದ್ ಕಡೆ ಕೂತು ಗಾಡಿ ಕೇಳ್ತಾರೆ."

ಪಕ್ಕದ ಮನೆಗಳ ಮಗ್ಗಗಳು ಒಂದರ ಹಿಂದೊಂದು ಬಡಿಯುತ್ತಿದ್ದವು. ಮಲ್ಲಪ್ಪ ಅವಳನ್ನು ಇಷ್ಟು ದಿನ ನೋಡಿದ್ದಾನೆ; ತಮ್ಮನಿಗೆ ಒಂದು ಹನಿ ಕಣ್ಣೀರೂ ಎಲ್ಲರ ಮುಂದೆ ಹಾಕಲಾಗದೆ, ಆ ಅಳುವನ್ನೆಲ್ಲ ಗಂಡನ ಹೆಸರಿನಲ್ಲಿ ಅತ್ತವಳನ್ನು. ನಂಬಬೇಕೆನಿಸಿತು. ಆದರೆ ಹೊಳೆದಡದಲ್ಲಿ ಕೇಳಿದ್ದೂ ಸುಳ್ಳಿನ ಹಾಗಿರಲಿಲ್ಲ. ಕರ್ಪೂರದ ಮುಂದೆ ಸುಳ್ಳಾಡಲಾಗದವನು ಹೇಳಿದ್ದು ಅದು. ಒಂದರಲ್ಲಿ ಗಂಡ ಕೊಂದವನು, ಇನ್ನೊಂದರಲ್ಲಿ ಕೊಲೆಯಿಂದ ತಪ್ಪಿಸಿಕೊಂಡವನು. ಎರಡು ಕಥೆ, ಹೆಣ ಒಂದೇ.

ಎರಡನ್ನೂ ಬೇರೆ ಮಾಡುವ ಪ್ರಶ್ನೆ ಒಂದೇ ಒಂದಿತ್ತು. ಅದನ್ನು ಅವನು ಕೇಳಿದ.

"ಪ್ರಭಾಕರಂಗೆ ಆ ಘಾಟೀಲಿ ಏನ್ ಕೆಲ್ಸ ಇತ್ತಮ್ಮಣಿ? ಅವ್ನು ಅಲ್ಲಿಗ್ ಯಾಕ್ ಓಗಿದ್ದ?"

ಇಂದುಜಾ ಜಗಲಿಯಿಂದ ಇಳಿದು ಬಂದಳು. ಗಾಡಿಯ ಸೀಟಿನ ಮೇಲಿದ್ದ ಧೂಳನ್ನು ಸೆರಗಿನಿಂದ ಒರೆಸಿದಳು, ಮಾರುವವರು ಒರೆಸುವ ಹಾಗಲ್ಲ, ಹೊರಡುವವರು ಒರೆಸುವ ಹಾಗೆ. ಆಮೇಲೆ ಕೀಗಾಗಿ ಕೈ ಚಾಚಿದಳು.

"ನಾನೇ ಕಳ್ಸಿದ್ದೆ," ಅಂದಳು.

ಮಲ್ಲಪ್ಪ ಕೀ ಹಿಡಿದ ಕೈಯನ್ನು ಬೆನ್ನ ಹಿಂದಕ್ಕೆ ತೆಗೆದುಕೊಂಡ.